ಕುರುಹಿನ ಬೆಲೆ

ಕುರುಹಿಗೂ ಅರಿವಿಗೂ ಇರುವ ಅಂತರವನ್ನು ಶರಣರು ಮತ್ತೆ ಮತ್ತೆ ಎತ್ತಿ ತೋರಿಸಿದ್ದಾರೆ. ಕುರುಹು ಅರಿವಿಗೆ ದಾರಿ. ಅರಿವಿಲ್ಲದೆ ಕುರುಹನ್ನೇ ಹಿಡಿದವನು ದಾರಿಯಲ್ಲೇ ನಿಂತವನು. ಈ ವಿವೇಕವು ಪೂಜೆಯ ಮನೆಗೆ ಮಾತ್ರ ಸಲ್ಲತಕ್ಕದ್ದೆಂದು ತಿಳಿಯಬಾರದು. ಅಂಗಡಿಯ ಕಟ್ಟೆಯ ಮೇಲೂ ಅದಕ್ಕೆ ಕೆಲಸವುಂಟು. ಇಂದು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಪೇಟೆಯಲ್ಲಿ ಗಣಕಯಂತ್ರದ ಸಾಮಾನು ಕೊಳ್ಳಬಂದ ಗೃಹಸ್ಥನ ಮುಂದೆ ಒಂದೇ ಕೆಲಸದ ಎರಡು ವಸ್ತುಗಳು ಬಂದು ಕೂರುತ್ತವೆ. ಒಂದರ ಮೇಲೆ ಲೋಕಪ್ರಸಿದ್ಧವಾದ ಕಂಪನಿಯ ಹೆಸರು. ಇನ್ನೊಂದು ಅದಕ್ಕಿಂತ ಬಹಳ ಅಗ್ಗವಾದ, ಹೆಸರು ಕೇಳದ ಸರಕು. ತೋಟದ ಕೂಲಿಯಿಂದ ಬದುಕುತ್ತ ಮಗಳ ಓದಿಗೆಂದು ಲ್ಯಾಪ್‌ಟಾಪು ತಂದ ಮನೆಗೆ ಆ ಅಂತರವೆಂದರೆ ಹಲವು ದಿನಗಳ ದುಡಿಮೆ. ಇವುಗಳಲ್ಲಿ ಯಾವುದನ್ನು ಕೊಳ್ಳುವುದು ಯುಕ್ತ?

ಹೆಸರಿಗೆ ಬೆಲೆಯೇ ಇಲ್ಲವೆಂದು ಈ ನಾಡಿನವರು ಹೇಳಲಾರರು. ಕೆಳದಿಯ ಅರಸರು ಟಂಕಿಸಿದ ಇಕ್ಕೇರಿ ವರಹದ ಮೇಲೆ ಶಿವಪಾರ್ವತಿಯರ ಮುದ್ರೆಯಿತ್ತು. 1763ರಲ್ಲಿ ಬಿದನೂರು, ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ, ಹೈದರಾಲಿಯ ವಶವಾಯಿತು. ಆದರೂ ಅವನು ತನ್ನ ವರಹದ ಒಂದು ಮುಖದಲ್ಲಿ ಅದೇ ಶಿವಪಾರ್ವತಿಯರನ್ನು ಉಳಿಸಿಕೊಂಡು, ಇನ್ನೊಂದು ಮುಖದಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಒತ್ತಿಸಿದನು. ಜನ ನಂಬಿದ ಕುರುಹಿನ ಬಲ ಅಷ್ಟು! ಆದರೆ ಆ ಬಲ ಬಂದುದು ಮುದ್ರೆಯ ಹಿಂದೆ ಚಿನ್ನವಿದ್ದುದರಿಂದ. ಮುದ್ರೆಯನ್ನು ಕಂಡು ಕೈನೀಡಿದ ವರ್ತಕನೂ ಸಂಶಯ ಬಂದಾಗ ಒರೆಗಲ್ಲನ್ನು ಮರೆಯುತ್ತಿರಲಿಲ್ಲ.

ಒರೆಹಚ್ಚಿ ನೋಡಬಹುದಾದ ಕಡೆ ಹೆಸರಿಗೆ ಹೆಚ್ಚು ಹಣ ತೆರುವುದು ಅನಾವಶ್ಯಕ. ಪರದೆಗೆ ಚಿತ್ರವನ್ನು ಒಯ್ಯುವ ಎಚ್.ಡಿ.ಎಂ.ಐ. ಕೇಬಲ್ಲನ್ನೇ ನೋಡಬಹುದು. ಅದು ಚಿತ್ರವನ್ನು ಅಂಕಿಗಳ ರೂಪದಲ್ಲಿ ಸಾಗಿಸುತ್ತದೆ. ಅಂಕಿಗಳು ಸರಿಯಾಗಿ ಮುಟ್ಟಿದರೆ ಚಿತ್ರ ಪೂರ್ಣ. ಮುಟ್ಟದಿದ್ದರೆ ಪರದೆ ಮಿನುಗುತ್ತದೆ, ಇಲ್ಲವೆ ಕಪ್ಪಾಗುತ್ತದೆ. ಗಿಡ್ಡ ಕೇಬಲ್ಲು ತನ್ನ ದರ್ಜೆಗೆ ತಕ್ಕಂತೆ ಕೆಲಸಮಾಡಿದ ಮೇಲೆ, ತುದಿಗೆ ಚಿನ್ನದ ಲೇಪವಿದ್ದ ಮಾತ್ರಕ್ಕೆ ಚಿತ್ರದ ಬಣ್ಣ ಏರದು. ಮೌಸು, ಕೀಲಿಮಣೆಗಳನ್ನು ಕೈಯೇ ಪರೀಕ್ಷಿಸುತ್ತದೆ. ದಿನವಿಡೀ ಅಕ್ಷರ ಒತ್ತುವವನು ಗಟ್ಟಿಯಾದ ಕೀಲಿಮಣೆಗೆ ಹೆಚ್ಚು ಕೊಟ್ಟರೆ ಅದು ಅವನ ಕಾಯಕದ ಉಪಕರಣ, ತಪ್ಪಲ್ಲ. ವಾರಕ್ಕೊಂದು ಪತ್ರ ಬರೆಯುವವನಿಗೆ ಅದು ಬೇಡ. ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಬಲ್ಲ ಮಲೆನಾಡಿಗನು ಗೋಣಿಚೀಲದ ಮೇಲಿನ ಬರಹವನ್ನು ನೋಡಿ ಬೆಲೆ ಕಟ್ಟುವುದಿಲ್ಲವಷ್ಟೆ!

ಆದರೆ ಕಣ್ಣಿಗೂ ಕೈಗೂ ನಿಲುಕದ ಗುಣವುಳ್ಳ ವಸ್ತುಗಳೂ ಇವೆ. ಚಾರ್ಜರಿನ ಒಳಗೆ ಮನೆಯ 230 ವೋಲ್ಟಿನ ವಿದ್ಯುತ್ತಿಗೂ ಹೊರಬರುವ ಅಲ್ಪ ವೋಲ್ಟಿನ ವಿದ್ಯುತ್ತಿಗೂ ನಡುವೆ ತಕ್ಕಷ್ಟು ಅಂತರವೂ ಅವಾಹಕದ ತಡೆಯೂ ಇರಬೇಕು. ಖೋಟಾ ಮಾಲು ಉಳಿಸುವುದು ಬಹುಮಟ್ಟಿಗೆ ಅಲ್ಲಿಯೇ. ಹೊರಗೆ ಎರಡೂ ಒಂದೇ ತೆರ; ಒಳಗಿನ ವ್ಯತ್ಯಾಸ ತಿಳಿಯುವುದು ಮಗುವಿನ ಕೈಗೆ ಶಾಕ್ ಹೊಡೆದ ದಿನ. ಮಳೆಗಾಲದಲ್ಲಿ ವಿದ್ಯುತ್ತು ಹೋಗಿ ಬರುವ ಊರುಗಳಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು. ಪೆನ್‌ಡ್ರೈವಿನ ಮೋಸ ಬೇರೆ ಬಗೆಯದು: ಅಲ್ಪ ಜಾಗವುಳ್ಳದ್ದು ತನಗೆ ಬಹಳ ಜಾಗವಿದೆಯೆಂದು ಗಣಕಕ್ಕೆ ಸುಳ್ಳು ಹೇಳುತ್ತದೆ, ಬರೆದುದು ಅಳಿದುಹೋಗುತ್ತದೆ. ಪೂರ್ತಿ ತುಂಬಿಸಿ ತಿರುಗಿ ಓದಿ ನೋಡುವುದೇ ಅದರ ಒರೆಗಲ್ಲು.

ಹಾಗಾದರೆ ಕಾಣದ ಗುಣಕ್ಕಾಗಿ ದೊಡ್ಡ ಹೆಸರನ್ನೇ ಶರಣುಹೋಗಬೇಕೆ? ಅದೂ ಅಲ್ಲ. 2012ರಲ್ಲಿ ಹೊರಟ ಸರಕಾರದ ಆಜ್ಞೆಯು ಇಂತಹ ವಸ್ತುಗಳಿಗೆ ಭಾರತೀಯ ಮಾನಕ ಬ್ಯೂರೋವಿನ ನೋಂದಣಿಯನ್ನು ಕಡ್ಡಾಯಗೊಳಿಸಿತು. ಅನಂತರ ವಿಸ್ತರಿಸಿದ ಪಟ್ಟಿಯಲ್ಲಿ ಗಣಕದ ಅಡಾಪ್ಟರು, ಯು.ಪಿ.ಎಸ್., ಪವರ್ ಬ್ಯಾಂಕುಗಳೂ ಸೇರಿದವು. ವಸ್ತುವಿನ ಮೇಲಿರುವ ಆ ಸಂಖ್ಯೆಯನ್ನು ಬ್ಯೂರೋವಿನ ‘ಬಿ.ಐ.ಎಸ್. ಕೇರ್’ ಆ್ಯಪಿನಲ್ಲಿ ಯಾರು ಬೇಕಾದರೂ ತಾಳೆನೋಡಬಹುದು. ಇದೂ ಒಂದು ಕುರುಹೇ. ಆದರೆ ಅರಿವಿಗೆ ಬಾಗಿಲು ತೆರೆಯುವ ಕುರುಹು. ಈ ಸಂಖ್ಯೆಯುಳ್ಳ, ತನ್ನ ಯಂತ್ರಕ್ಕೆ ಹೊಂದುವ ಅಗ್ಗದ ಚಾರ್ಜರನ್ನು ಕೊಂಡ ಬಡವನು ನಾಚಬೇಕಾದುದಿಲ್ಲ. ದೊಡ್ಡ ಹೆಸರನ್ನು ಕದ್ದು ಅಚ್ಚೊತ್ತಿಕೊಂಡ ಖೋಟಾ ವಸ್ತುವಾದರೋ ಅಗ್ಗವೂ ಅಲ್ಲ, ಒಳ್ಳೆಯದೂ ಅಲ್ಲ.

ಇಲ್ಲಿ ಮಾರುವವನ ಹೊಣೆ ಕೊಳ್ಳುವವನ ಹೊಣೆಗಿಂತ ದೊಡ್ಡದು. ಅರಿಯದವನಿಗೆ ಬೇಡದ ಹೆಸರನ್ನು ಹೇರುವುದೂ, ಅಪಾಯದ ಮಾಲನ್ನು ಅಗ್ಗವೆಂದು ದಾಟಿಸುವುದೂ ಒಂದೇ ತಕ್ಕಡಿಯ ಎರಡು ತಟ್ಟೆಗಳು. ಆಯ್ದಕ್ಕಿ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿಸಿದಳೆಂಬ ಕಥೆ ಎಲ್ಲರೂ ಬಲ್ಲುದೇ. ಆ ಹೆಚ್ಚಿನ ಅಕ್ಕಿ ಕೆಟ್ಟ ಅಕ್ಕಿಯಾಗಿರಲಿಲ್ಲ. ಬೇಕಾದುದಕ್ಕಿಂತ ಮಿಗಿಲಾಗಿತ್ತು, ಅಷ್ಟೆ. ದುಬಾರಿ ಹೆಸರಿನ ವಸ್ತುವೂ ಹಲವೊಮ್ಮೆ ಕೆಟ್ಟದ್ದಲ್ಲ, ಮಿಗಿಲು. ನೆರೆಯವನ ಕಣ್ಣಿಗೆಂದು ಕೊಟ್ಟ ಹಣ ಮಗಳ ಪುಸ್ತಕದಿಂದ ಕಳೆದ ಹಣ; ಅವಳ ಜೀವವನ್ನು ಪಣವಿಟ್ಟು ಉಳಿಸಿದ ಹಣ ಉಳಿತಾಯವೇ ಅಲ್ಲ. ಪರೀಕ್ಷಿಸಬಹುದಾದುದನ್ನು ಪರೀಕ್ಷಿಸಿ, ಪರೀಕ್ಷೆಗೆ ನಿಲುಕದುದಕ್ಕೆ ತಾಳೆನೋಡಬಲ್ಲ ಸಾಕ್ಷಿಯನ್ನು ಕೇಳಿ, ಬೇಕಾದಷ್ಟನ್ನೇ ಕೊಳ್ಳುವವನಿಗೆ ಕುರುಹು ಸೇವಕನಾಗಿರುತ್ತದೆ, ಒಡೆಯನಾಗದು.