ಧರ್ಮರಕ್ಷಣೆಯ ಅಧಿಕಾರ

ಧರ್ಮಕ್ಕೆ ಕುಂದು ಬಂದಿತೆಂದು ತೋರಿದಾಗ ಧರ್ಮಿಷ್ಠನಾದವನು ಏನು ಮಾಡಬೇಕು? ಸುಮ್ಮನಿದ್ದರೆ ಹೇಡಿತನವೆನಿಸೀತು, ಕೈಯೆತ್ತಿದರೆ ಅಧರ್ಮವೆನಿಸೀತು. ಈ ಇಕ್ಕಟ್ಟು ಹೊಸದಲ್ಲ. ಆದರೆ ನಮ್ಮ ನಾಡಿನ ಸಾರ್ವಜನಿಕ ಜೀವನದಲ್ಲಿ ಶ್ರೀ ಪ್ರಮೋದ ಮುತಾಲಿಕರ ನಡೆಯು ಈ ಪ್ರಶ್ನೆಯನ್ನು ಮತ್ತೆ ಮತ್ತೆ ನಮ್ಮ ಮುಂದಿಟ್ಟಿದೆ. ವ್ಯಕ್ತಿನಿಂದೆಯು ಈ ಲೇಖನದ ಉದ್ದೇಶವಲ್ಲ. ಅವರು ಹಿಡಿದ ದಾರಿಯ ವಿಚಾರವಷ್ಟೇ ಇಲ್ಲಿಯದು.

ಬೆಳಗಾವಿ ಜಿಲ್ಲೆಯ ಹುಕ್ಕೇರಿಯವರಾದ ಮುತಾಲಿಕರು ರಾಷ್ಟ್ರೀಯ ಸ್ವಯಂಸೇವಕ ಸಂಘದಲ್ಲಿ ಬೆಳೆದು ಬಜರಂಗದಳದ ದಕ್ಷಿಣ ಭಾರತದ ಸಂಚಾಲಕರಾಗಿದ್ದವರು. ಅಲ್ಲಿಂದ ಹೊರಬಂದು, ಕೆಲಕಾಲ ಶಿವಸೇನೆಯಲ್ಲಿದ್ದು, ಬಳಿಕ ಶ್ರೀರಾಮ ಸೇನೆಯ ಮುಖಂಡರಾದರು. 2009ರ ಜನವರಿ 24ರಂದು ಆ ಸೇನೆಯ ಹೆಸರಿನಲ್ಲಿ ಗುಂಪೊಂದು ಮಂಗಳೂರಿನ ಪಬ್ಬಿಗೆ ನುಗ್ಗಿ, ಅಲ್ಲಿದ್ದ ಯುವತಿಯರನ್ನು ಹೊಡೆದು ಹೊರಗಟ್ಟಿತು. ದೇಶವೇ ಆ ದೃಶ್ಯವನ್ನು ದೂರದರ್ಶನದ ಪರದೆಯ ಮೇಲೆ ಕಂಡಿತು. ಮುತಾಲಿಕರು ಆ ಸ್ಥಳದಲ್ಲಿರಲಿಲ್ಲ. ಆದರೆ ಸಂಸ್ಕೃತಿಯ ರಕ್ಷಣೆಯೆಂಬ ಹೆಸರಿನಲ್ಲಿ ಅದನ್ನು ಸಮರ್ಥಿಸಿದರು. 2018ರ ಮಾರ್ಚಿಯಲ್ಲಿ ಮಂಗಳೂರಿನ ನ್ಯಾಯಾಲಯವು ಸಾಕ್ಷ್ಯ ಸಾಲದೆಂದು ಅವರನ್ನೂ ಇತರ ಆರೋಪಿಗಳನ್ನೂ ಬಿಡುಗಡೆ ಮಾಡಿತು. ನ್ಯಾಯಾಲಯದ ತೀರ್ಪಿಗೆ ನಾವು ತಲೆಬಾಗಬೇಕು. ಅಪರಾಧದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಧರ್ಮದ ಪ್ರಶ್ನೆ ಮುಗಿಯಲಿಲ್ಲ.

ಅಧಿಕಾರವು ಅವರಿಗೆ ಒಲಿಯಲಿಲ್ಲ. 2014ರ ಮಾರ್ಚಿಯಲ್ಲಿ ಹುಬ್ಬಳ್ಳಿಯಲ್ಲಿ ಭಾರತೀಯ ಜನತಾ ಪಕ್ಷಕ್ಕೆ ಸೇರಿಸಿಕೊಂಡವರೇ ಕೆಲವು ಗಂಟೆಗಳಲ್ಲಿ ಆ ಸೇರ್ಪಡೆಯನ್ನು ರದ್ದುಪಡಿಸಿದರು. 2023ರ ವಿಧಾನಸಭಾ ಚುನಾವಣೆಯಲ್ಲಿ ಕಾರ್ಕಳದಿಂದ ಪಕ್ಷೇತರರಾಗಿ ನಿಂತಾಗ ಐದು ಸಾವಿರ ಮತಗಳೂ ಬೀಳಲಿಲ್ಲ. ಇದನ್ನು ಕಂಡು ಜನರು ಅವರ ದಾರಿಯನ್ನೇ ತಿರಸ್ಕರಿಸಿದರೆಂದು ಸಮಾಧಾನ ಪಡುವವರುಂಟು. ಈ ಸಮಾಧಾನವು ಅವಸರದ್ದು. ಚುನಾವಣೆಯು ಮತಗಳನ್ನು ಎಣಿಸುತ್ತದೆ. ಮನಸ್ಸಿನಲ್ಲಿ ಬೇರೂರಿದ ರೂಢಿಯನ್ನು ಎಣಿಸುವುದಿಲ್ಲ.

ಮಂಗಳೂರಿನಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಕಾಣಿಯೂರು ಸಿಗುತ್ತದೆ. ಕುಕ್ಕೆಯ ಯಾತ್ರೆ ಮಾಡಿದ ನಮ್ಮ ಭಕ್ತರಿಗೆ ಈ ಹೆಸರು ಅಪರಿಚಿತವಲ್ಲ. 2022ರ ಅಕ್ಟೋಬರಿನಲ್ಲಿ ಇಲ್ಲಿಗೆ ಹೊದಿಕೆ ಮಾರಲು ಬಂದ ಇಬ್ಬರು ಮುಸ್ಲಿಂ ವ್ಯಾಪಾರಿಗಳನ್ನು ಗುಂಪೊಂದು ಥಳಿಸಿತು. ಮಹಿಳೆಯೊಬ್ಬಳೊಡನೆ ಅನುಚಿತವಾಗಿ ನಡೆದುಕೊಂಡರೆಂಬ ದೂರು ಅವರ ಮೇಲಿತ್ತು. ಅದು ನಿಜವೋ ಸುಳ್ಳೋ ಎಂಬುದನ್ನು ನಿರ್ಣಯಿಸಲು ನ್ಯಾಯಸ್ಥಾನವಿದೆ. ಗುಂಪು ಆ ನಿರ್ಣಯಕ್ಕಾಗಿ ಕಾಯಲಿಲ್ಲ. ಈ ಘಟನೆಗೂ ಮುತಾಲಿಕರಿಗೂ ಸಂಬಂಧವುಂಟೆಂದು ನಾವು ಹೇಳುತ್ತಿಲ್ಲ. ನಮ್ಮ ಕಳವಳವು ಬೇರೆಯದು. 2009ರಲ್ಲಿ ಇಂತಹ ಕೃತ್ಯಕ್ಕೆ ಒಂದು ಸೇನೆಯ ಹೆಸರೂ ಒಬ್ಬ ನಾಯಕನ ಸಮರ್ಥನೆಯೂ ಬೇಕಾಗಿದ್ದವು. ಇಂದು ಒಂದು ಸಣ್ಣ ಊರಿನಲ್ಲಿ, ಯಾರ ಅಪ್ಪಣೆಯೂ ಇಲ್ಲದೆ, ದಾರಿಹೋಕರೇ ದಂಡಾಧಿಕಾರಿಗಳಾಗಬಲ್ಲರು. ನಾಯಕನು ಸೋತರೂ ಅವನು ಹಿಡಿದ ದಾರಿಯು ಗೆಲ್ಲಬಹುದು. ನಾವು ಅಂಜಬೇಕಾದುದು ಇದಕ್ಕೆ.

ಶರಣಧರ್ಮದ ಅನುಯಾಯಿಗಳಾದ ನಮಗೆ ಈ ವಿಷಯದಲ್ಲಿ ವಿಶೇಷವಾದ ಎಚ್ಚರವಿರಬೇಕು. ಕಲ್ಯಾಣದಲ್ಲಿ ಹರಳಯ್ಯ ಮಧುವರಸರ ಮಕ್ಕಳ ವಿವಾಹವಾದಾಗ ಆ ಶರಣರಿಗೆ ಘೋರ ಶಿಕ್ಷೆ ವಿಧಿಸಿದವರು ಏನೆಂದು ಹೇಳಿದರು? ಕುಲಾಚಾರ ಕೆಟ್ಟಿತು, ಧರ್ಮ ಉಳಿಯಬೇಕು ಎಂದೇ. ಸಂಪ್ರದಾಯದ ಕಾವಲುಗಾರರ ಕೋಪವನ್ನು ನಮ್ಮ ಹಿರಿಯರು ತಮ್ಮ ಮೈಮೇಲೆ ಉಂಡರು. ಇನ್ನು ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಒಂಟಿಯಾಗಿ ನಡೆದ ಅಕ್ಕಮಹಾದೇವಿಯನ್ನು ನೆನೆಯಿರಿ. ಹೆಣ್ಣಿನ ನಡೆಯನ್ನು ತಿದ್ದುವ ಪಡೆಯೊಂದು ಆ ಹಾದಿಯಲ್ಲಿ ನಿಂತಿದ್ದರೆ ನಮಗೆ ಅಕ್ಕ ಎಲ್ಲಿ ದೊರೆಯುತ್ತಿದ್ದಳು? ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳು ಆಕೆಯನ್ನು ಕಠಿಣವಾಗಿಯೇ ಪರೀಕ್ಷಿಸಿದರು. ಆದರೆ ಪ್ರಶ್ನೆಯಿಂದ ಪರೀಕ್ಷಿಸಿದರು, ಕೈಯಿಂದಲ್ಲ. ಆಕೆಯ ಉತ್ತರವನ್ನು ಕೇಳಿ ಆಕೆಗೆ ತಲೆಬಾಗಿದರು.

ಹಾಗಾದರೆ ಯುವಜನರು ಕುಡಿತಕ್ಕೆ ಬೀಳುವುದನ್ನು ನೋಡುತ್ತ ಕುಳಿತಿರಬೇಕೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವು ನಮ್ಮ ಪರಂಪರೆಯಲ್ಲಿಯೇ ಇದೆ. ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಸ್ವಾಮಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿದರು. ಅವರು ಬೇಡಿದ್ದು ಕಾಳುಕಡಿಯನ್ನಲ್ಲ, ಜನರ ದುಶ್ಚಟಗಳನ್ನು. ಕುಡಿಯುವವನ ಮನೆಯ ಬಾಗಿಲಲ್ಲಿ ಸ್ವಾಮಿಗಳೊಬ್ಬರು ಭಿಕ್ಷುಕರಾಗಿ ನಿಂತರು. ಮಹಾಂತ ಜೋಳಿಗೆಯೆಂದು ನಾಡು ಅದನ್ನು ಕೊಂಡಾಡಿತು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ವ್ಯಸನಮುಕ್ತ ದಿನವಾಗಿ ಆಚರಣೆಯಲ್ಲಿದೆ. ಕಳವಳವು ಒಂದೇ, ಉಪಾಯಗಳು ಎರಡು. ದೊಣ್ಣೆ ಹಿಡಿದವನು ಎದುರಿನವನನ್ನು ಕೀಳಾಗಿಸುತ್ತಾನೆ. ಜೋಳಿಗೆ ಹಿಡಿದವನು ತಾನೇ ಕಿರಿಯನಾಗುತ್ತಾನೆ. ಪೆಟ್ಟು ತಿಂದವನು ಚಟವನ್ನು ಮರೆಮಾಡುತ್ತಾನೆ. ಜೋಳಿಗೆಗೆ ಹಾಕಿದವನು ಅದನ್ನು ಬಿಡುತ್ತಾನೆ.

ನಮ್ಮವರ ರಕ್ತ ಹರಿದಾಗಲೂ ಜೋಳಿಗೆಯೇ ಎಂಬ ಇನ್ನೊಂದು ಪ್ರಶ್ನೆಯೂ ಉಳಿಯುತ್ತದೆ. 2022ರ ಜುಲೈಯಲ್ಲಿ ಹತ್ತು ದಿನಗಳ ಒಳಗೆ ಬೆಳ್ಳಾರೆ, ಸುರತ್ಕಲ್ಲುಗಳ ಕಡೆ ಮೂವರು ಯುವಕರ ಕೊಲೆಯಾಯಿತು. ಒಬ್ಬನು ಹಿಂದೂ, ಇಬ್ಬರು ಮುಸ್ಲಿಮರು. ಕೊಲೆಗಾರನಿಗೆ ಶಿಕ್ಷೆಯಾಗಲೇಬೇಕು. ಆದರೆ ದಂಡವು ರಾಜ್ಯದ ಕೈಯಲ್ಲಿರಬೇಕು, ಗುಂಪಿನ ಕೈಯಲ್ಲಲ್ಲ. ಗುಂಪಿನ ಕೈಗೆ ಬಂದ ದಂಡವು ಲೆಕ್ಕ ಚುಕ್ತಾ ಮಾಡುವುದಿಲ್ಲ. ಹೊಸ ಲೆಕ್ಕವನ್ನು ತೆರೆಯುತ್ತದೆ. ಮೂರು ಮನೆಗಳ ತಾಯಂದಿರ ಕಣ್ಣೀರಿನಲ್ಲಿ ಮತಭೇದವುಂಟೇ?

ಇಷ್ಟಲಿಂಗವನ್ನು ಪ್ರತಿಯೊಬ್ಬನೂ ತನ್ನ ಕರಸ್ಥಲದಲ್ಲಿಯೇ ಇಟ್ಟು ಪೂಜಿಸುತ್ತಾನೆ. ಇನ್ನೊಬ್ಬನ ಪರವಾಗಿ ಅದನ್ನು ಪೂಜಿಸಲು ಯಾರಿಗೂ ಬಾರದು. ಧರ್ಮವೂ ಹಾಗೆಯೇ. ಲಿಂಗವನ್ನು ಹಿಡಿದ ಕೈ ಮುಷ್ಟಿ ಕಟ್ಟಲಾರದು. ಬೀದಿಯಲ್ಲಿ ಯಾರಿಗೋ ಪೆಟ್ಟು ಬಿದ್ದ ಸುದ್ದಿಯನ್ನು ಕೇಳಿ ಮನಸ್ಸಿನೊಳಗೆ 'ಆಗಬೇಕಾದದ್ದೇ ಆಯಿತು' ಎಂದುಕೊಳ್ಳುವವನೂ ಆ ಪೆಟ್ಟಿನಲ್ಲಿ ಪಾಲುದಾರನೇ. ಮಠದ ಅನ್ನವನ್ನುಂಡು, ವಿದ್ಯೆ ಕಲಿತು ಹೋದ ನಮ್ಮ ಮಕ್ಕಳು ಎಲ್ಲಿದ್ದರೂ ಆ ಪಾಲನ್ನು ನಿರಾಕರಿಸುವಂತಾಗಲಿ. ಧರ್ಮರಕ್ಷಣೆಯು ಅಲ್ಲಿಂದ ಆರಂಭವಾಗುತ್ತದೆ.