ಜೀರ್ಣವಾದದ್ದು ಯಾವುದು?

ಕಳೆದ ಚಾತುರ್ಮಾಸ್ಯದ ದಿನಗಳಲ್ಲಿ ನಮ್ಮ ಮನೆಯ ಸಣ್ಣ ಟೇಪ್‌ರೆಕಾರ್ಡರು ಕೆಟ್ಟಿತು. ಕೈಯಲ್ಲಿ ಹಿಡಿದು ದೇವರಮನೆಯಿಂದ ಅಡಿಗೆಮನೆಗೆ ಒಯ್ಯಬಹುದಾದ, ನಾಲ್ಕು ಸೆಲ್ಲುಗಳ ಮೇಲೆ ನಡೆಯುವ ಯಂತ್ರವದು. ಹಾಡು ಆರಂಭವಾದ ಕೆಲವು ಕ್ಷಣಗಳಲ್ಲಿಯೇ ಧ್ವನಿಯು ಜಗ್ಗಿದಂತಾಗಿ, ಸ್ತ್ರೀಕಂಠವು ಗಂಡಸಿನ ಕಂಠದಂತೆ ಇಳಿದು, ಮತ್ತೆ ತಾನಾಗಿಯೇ ಏರುತ್ತಿತ್ತು. ಅದನ್ನು ಕೇಳಿದ ಮಗನು, "ಅಪ್ಪಾ, ಸಾಕು ಬಿಡ್ರಿ ಇದನ್ನ. ಹಳೇ ಬಟ್ಟಿ ಬಿಟ್ಟು ಹೊಸಾದು ಉಟ್ಕೊಂಡಂಗ ಅಂತ ಗೀತಾದಾಗ ಕೃಷ್ಣನೇ ಹೇಳ್ಯಾನಲ್ಲ" ಎಂದನು. ನಗೆಯ ಮಾತೇನೋ ಹೌದು. ಆದರೆ ಶಾಸ್ತ್ರವನ್ನು ಎದುರಿಗಿಟ್ಟು ಆಡಿದ ಮಾತಿಗೆ ಉತ್ತರ ಹೇಳದೆ ಇರಲಾಗದು.

ಗೀತೆಯ ಎರಡನೆಯ ಅಧ್ಯಾಯದ ಆ ದೃಷ್ಟಾಂತವು ಬಂಧುಗಳ ಮರಣವನ್ನು ನೆನೆದು ಶೋಕಿಸುತ್ತಿದ್ದ ಅರ್ಜುನನಿಗಾಗಿ ಬಂದದ್ದು. ದೇಹವು ಹೋದರೂ ಜೀವನಿಗೆ ನಾಶವಿಲ್ಲವೆಂಬುದು ಅಲ್ಲಿಯ ತಾತ್ಪರ್ಯವೇ ಹೊರತು, ಮನೆಯ ಸಾಮಾನುಗಳ ವಿಲೇವಾರಿಯಲ್ಲ. ಅಲ್ಲದೆ ದೇಹವನ್ನು ಎಂದು ಬಿಡಬೇಕೆಂಬುದನ್ನು ಜೀವನು ನಿಶ್ಚಯಿಸುವುದಿಲ್ಲ, ಅವನು ಪರತಂತ್ರನು. ಯಂತ್ರದ ವಿಷಯದಲ್ಲಿ ನಿಶ್ಚಯಿಸುವ ಭಾರವನ್ನು ನಮ್ಮ ತಲೆಯ ಮೇಲೆಯೇ ಇಟ್ಟಿದೆ. ಜೊತೆಗೆ ದೃಷ್ಟಾಂತದಲ್ಲಿ ಬಿಡುವುದು ಜೀರ್ಣವಾದ ವಸ್ತ್ರವನ್ನು. ಬೇಸರ ಬಂದ ವಸ್ತ್ರವನ್ನಲ್ಲ. ಹಾಗಾದರೆ ನಮ್ಮ ಯಂತ್ರದಲ್ಲಿ ಜೀರ್ಣವಾದದ್ದು ಯಾವುದು?

ಈ ಪ್ರಶ್ನೆಯನ್ನು ಕೇಳಲು ಭೋಸರಿಯವರಾದ ನಮಗೆ ಒಂದು ಅನುಕೂಲವಿದೆ. ವಿಜಾಪುರ, ಕಲಬುರ್ಗಿ, ಧಾರವಾಡಗಳಿಂದ ಬಂದು ನಾಸಿಕ ರಸ್ತೆಯ ಬದಿಯ ಈ ಎಂ.ಐ.ಡಿ.ಸಿ. ಪ್ರದೇಶದಲ್ಲಿ ಅನ್ನ ಕಂಡುಕೊಂಡವರಲ್ಲಿ ಅನೇಕರು ವರ್ಕ್‌ಶಾಪುಗಳಲ್ಲಿ ದುಡಿದವರು. ನಾನು ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಅಲ್ಲಿ ದಿನವಿಡೀ ಮಾಡುತ್ತಿದ್ದದ್ದು ಇದೇ ನಿರ್ಣಯ: ಇದು ಸರಿ, ಇದು ರೀವರ್ಕ್, ಇದು ಸ್ಕ್ರ್ಯಾಪ್. 25 ಮಿಲಿಮೀಟರಿನ ಶಾಫ್ಟು ತುಸು ದಪ್ಪವಾಗಿ ಬಂದರೆ ಮತ್ತೆ ಗ್ರೈಂಡಿಂಗಿಗೆ ಕಳಿಸಬಹುದು, ತೆಗೆಯಲಿಕ್ಕೆ ಲೋಹವಿದೆ. ತುಸು ಸಣ್ಣದಾದರೆ ಮುಗಿಯಿತು. ಹೋದ ಲೋಹವನ್ನು ಮರಳಿ ತರುವವರಾರು? ತೂತಿನ ವಿಷಯದಲ್ಲಿ ಇದು ತಿರುವುಮುರುವು. ದೋಷವು ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ, ಸರಿಪಡಿಸಲು ಏನಾದರೂ ಉಳಿದಿದೆಯೋ ಇಲ್ಲವೋ ಎಂಬುದೇ ಅಲ್ಲಿ ಮುಖ್ಯ.

ಈ ದೃಷ್ಟಿಯಿಂದ ಟೇಪ್‌ರೆಕಾರ್ಡರನ್ನು ಬಿಚ್ಚಿ ನೋಡಿದೆ. ಫಿಲಿಪ್ಸ್ ಸಂಸ್ಥೆಯವರು 1963ರಲ್ಲಿ ಲೋಕಕ್ಕೆ ತೋರಿಸಿದ ಕ್ಯಾಸೆಟ್ಟಿನ ಏರ್ಪಾಡು ಬಹಳ ಸರಳ. ಮೋಟಾರು ತಿರುಗುತ್ತದೆ, ಒಂದು ರಬ್ಬರಿನ ಬೆಲ್ಟು ಆ ತಿರುಗನ್ನು ಸಣ್ಣ ಉಕ್ಕಿನ ಕಡ್ಡಿಗೆ ಮುಟ್ಟಿಸುತ್ತದೆ, ಆ ಕಡ್ಡಿಯೂ ಅದಕ್ಕೆ ಒತ್ತಿ ನಿಂತ ರಬ್ಬರಿನ ಗಾಲಿಯೂ ಸೇರಿ ಟೇಪನ್ನು ಸೆಕೆಂಡಿಗೆ ಸುಮಾರು 4.76 ಸೆಂಟಿಮೀಟರಿನಂತೆ ಎಳೆಯುತ್ತವೆ. ಬೆಲ್ಟು ಸಡಿಲಾದರೆ ವೇಗವು ತಪ್ಪಿ ಕಂಠವು ಕೆಡುತ್ತದೆ. ಹೆಡ್ಡಿನ ಮೇಲೆ ಕೊಳೆ ಕೂತರೆ ಧ್ವನಿಯು ಮಬ್ಬಾಗುತ್ತದೆ. ಅದಕ್ಕೆ ಹತ್ತಿ ಮತ್ತು ಸ್ಪಿರಿಟ್ಟು ಸಾಕು. ಇವೆಲ್ಲ ದಪ್ಪವಾದ ಶಾಫ್ಟಿನ ಜಾತಿಯವು. ಮೋಟಾರು ಸವೆದಿದ್ದರೆ, ಗಾಲಿಯ ರಬ್ಬರು ಕಲ್ಲಾಗಿದ್ದರೆ, ಬದಲಿ ಭಾಗ ಸಿಗದ ಹೊರತು ಅವು ಸಣ್ಣದಾದ ಶಾಫ್ಟಿನ ಜಾತಿಯವು.

ಆಳಂದಿ ರಸ್ತೆಯ ದುರಸ್ತಿಗಾರನು ನೋಡಿ, "ಕಾಕಾ, ಪಟ್ಟಾ ಬದಲತೋ, ಪಣ ಮೋಟರ್‌ಚೀ ಗ್ಯಾರಂಟಿ ನಾಹೀ" ಎಂದನು. ಇಂಥ ಪ್ರಾಮಾಣಿಕ ಮಾತು ಈಗ ದುರ್ಲಭ. ಅವನು ಕೇಳಿದ್ದು 450 ರೂಪಾಯಿ. ಸಾವಿರಾರು ಹಾಡುಗಳನ್ನು ಮೊದಲೇ ತುಂಬಿಕೊಂಡು ಬರುವ ಹೊಸ ಯಂತ್ರಕ್ಕೆ ಮಗನು ನೋಡಿಟ್ಟಿದ್ದ ಬೆಲೆ 1,900.

ಮಿತವ್ಯಯದ ಪಕ್ಷವು ಇಲ್ಲಿ ಸುಲಭವಾಗಿ ಗೆದ್ದಂತೆ ಕಾಣುತ್ತದೆ. ಶ್ರೀಮದಾಚಾರ್ಯರು ಈಶಾವಾಸ್ಯದ ಮೊದಲ ಮಂತ್ರದಲ್ಲಿಯ 'ತ್ಯಕ್ತ' ಶಬ್ದಕ್ಕೆ ಭಗವಂತನು ಕೊಟ್ಟದ್ದು ಎಂಬ ಅರ್ಥವನ್ನು ಹೇಳಿರುವರು. ಅವನು ಕೊಟ್ಟದ್ದರಿಂದ ನಡೆಸು, ಪರರದ್ದಕ್ಕೆ ಕೈಚಾಚಬೇಡ ಎಂದಾದರೆ, ಕೊಟ್ಟಿರುವುದನ್ನು ಜತನವಾಗಿ ನೋಡಿಕೊಳ್ಳುವುದೂ ಅದರಲ್ಲಿಯೇ ಬಂತು. ಹೊಸದರ ಬೆಲೆಯಲ್ಲಿ ಕಾಣದ ಬೆಲೆಯೂ ಒಂದಿದೆ. ಈಗಿನ ಪುಟ್ಟ ಯಂತ್ರಗಳಲ್ಲಿ ಲಿಥಿಯಮ್ ಬ್ಯಾಟರಿಯನ್ನು ಒಳಗೇ ಬೆಸೆದಿರುತ್ತಾರೆ. ಕೆಲವು ನೂರು ಸಲ ಚಾರ್ಜು ಮಾಡಿದ ಮೇಲೆ ಅದರ ಶಕ್ತಿ ಕುಂದುವುದು ಸಹಜ. ಆಗ ಬ್ಯಾಟರಿಯೊಂದಕ್ಕಾಗಿ ಯಂತ್ರವೆಲ್ಲ ಕಸಕ್ಕೆ. ಆ ಕಸವನ್ನು ಕೈಯಿಂದ ಒಡೆದು ತಾಮ್ರವನ್ನು ಹೆಕ್ಕುವವರು ನಮ್ಮ ಊರಿನಲ್ಲಿಯೂ ಇದ್ದಾರೆ. ಅವರ ಶ್ವಾಸಕೋಶದ ಲೆಕ್ಕವು 1,900ರಲ್ಲಿ ಸೇರಿಲ್ಲ. ಸರಕಾರವೂ ಇದನ್ನು ಕಂಡಿದೆ. ದುರಸ್ತಿಯ ಹಕ್ಕಿಗಾಗಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್ 24ರಂದು ಒಂದು ಜಾಲತಾಣವನ್ನು ತೆರೆಯಿತು. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು.

ಇಷ್ಟನ್ನು ಮಗನಿಗೆ ಹೇಳಿ ಗೆದ್ದೆನೆಂದುಕೊಂಡೆ. ಅವನು ಏನನ್ನೂ ಆಡದೆ ಏಣಿಯನ್ನು ತಂದು ಅಟ್ಟವನ್ನು ಹತ್ತಿದನು. ಅಲ್ಲಿಂದ ಇಳಿದು ಬಂದವು: ಎರಡು ಟ್ರಾನ್ಸಿಸ್ಟರುಗಳು, ಒಂದು ವಾಕ್‌ಮನ್, ಮುಚ್ಚಳ ಮುರಿದ ಇನ್ನೊಂದು ಟೇಪ್‌ರೆಕಾರ್ಡರು. ಎಲ್ಲವೂ ಎಂದೋ ದುರಸ್ತಿ ಮಾಡಿಸಬೇಕೆಂದು ನಾನೇ ಇಟ್ಟವು. ಒಂದರೊಳಗೆ ಸೆಲ್ಲುಗಳು ಸೋರಿ ತಗಡನ್ನು ತಿಂದಿದ್ದವು.

ನಾಚಿಕೆಯಾಯಿತೆಂದು ಬರೆಯಲು ಸಂಕೋಚವಿಲ್ಲ. ಕೊಳ್ಳದೆ ಇರುವುದೇ ಅಪರಿಗ್ರಹವೆಂದು ನಾನು ತಿಳಿದಿದ್ದೆ. ದುರಸ್ತಿಯನ್ನೂ ಮಾಡಿಸದೆ, ಬೇಕಾದವರಿಗೂ ಕೊಡದೆ, ಅಟ್ಟದ ಮೇಲೆ ಕೊಳೆಯಿಸುವುದು ಯಾವ ವ್ರತ? ವಾಕ್‌ಮನ್ನು ಕೆಟ್ಟ ವರ್ಷವೇ ಕೊಟ್ಟಿದ್ದರೆ ಯಾವನಾದರೂ ಅದರ ಮೋಟಾರನ್ನು ಉಪಯೋಗಿಸುತ್ತಿದ್ದನು. ನನ್ನದು ಎಂಬ ಮಮಕಾರವು ಮಿತವ್ಯಯದ ಶಾಲು ಹೊದ್ದು ಕೂತಿತ್ತು. ಹೊಸದನ್ನು ಬಯಸುವವನ ಆಸೆಯು ಎಲ್ಲರ ಕಣ್ಣಿಗೂ ಬೀಳುತ್ತದೆ. ಹಳೆಯದನ್ನು ಹಿಡಿದುಕೊಂಡವನ ಆಸೆಯನ್ನು ಜನರು ಸದ್ಗುಣವೆಂದು ಹೊಗಳುತ್ತಾರೆ. ಎರಡನೆಯದೇ ಹೆಚ್ಚು ಅಪಾಯಕರವೆಂದು ನನಗೆ ತೋರುತ್ತದೆ.

ಇನ್‌ಸ್ಪೆಕ್ಷನ್ನಿನ ಇನ್ನೊಂದು ಪಾಠವೂ ಆಗ ನೆನಪಾಯಿತು. ತೂತನ್ನು ಅಳೆಯುವ ಗೇಜು ಸವೆದರೆ ಅದು ಇರಬೇಕಾದುದಕ್ಕಿಂತ ಸಣ್ಣ ತೂತನ್ನೂ ಸರಿಯೆಂದು ಒಪ್ಪಿಬಿಡುತ್ತದೆ. ಸವೆದ ಗೇಜನ್ನು ಉಳಿಸಿದವನು ಉಳಿತಾಯ ಮಾಡಿದಂತಾಗುವುದಿಲ್ಲ. ಅದರಿಂದ ಅಳೆದ ಪ್ರತಿಯೊಂದನ್ನೂ ಕೆಡಿಸಿದಂತಾಗುತ್ತದೆ. ಟೇಪ್‌ರೆಕಾರ್ಡರೂ ಅಂಥದೇ. ಗಾಲಿ ಕಲ್ಲಾದ ಯಂತ್ರವು ಒಂದು ದಿನ ಟೇಪನ್ನು ಸುತ್ತಿ ನುಂಗುತ್ತದೆ. ನಮ್ಮ ಮನೆಯಲ್ಲಿ ನುಂಗಬಾರದ ಒಂದು ಕ್ಯಾಸೆಟ್ಟಿತ್ತು.

ಪಂಡಿತ ಭೀಮಸೇನ ಜೋಶಿಯವರ ದಾಸವಾಣಿಯ ಕ್ಯಾಸೆಟ್ಟುಗಳೂ ನಮ್ಮಲ್ಲಿವೆ. ಗದಗದಲ್ಲಿ ಹುಟ್ಟಿ, 2011ರಲ್ಲಿ ಇದೇ ಪುಣೆಯಲ್ಲಿ ದೇಹವಿಟ್ಟ ಆ ಮಹನೀಯರ ಕಂಠವು ಈಗ ಯಾವ ಯಂತ್ರದಲ್ಲಿಯಾದರೂ ದೊರೆಯುತ್ತದೆ. ಕ್ಯಾಸೆಟ್ಟು ಹೋದರೆ ಹಾಡು ಹೋಗದು. ಆದರೆ ನಮ್ಮ ತಾಯಿಯವರು ಶ್ರೀವಾದಿರಾಜರ ಲಕ್ಷ್ಮೀಶೋಭಾನೆಯನ್ನು ತಮ್ಮ ತವರಿನ ಧಾಟಿಯಲ್ಲಿ ಹೇಳಿದ ಅರವತ್ತು ನಿಮಿಷದ ಕ್ಯಾಸೆಟ್ಟು ಒಂದೇ ಒಂದು. ನಡುವೆ ಕುಕ್ಕರಿನ ಸೀಟಿ, ಯಾರನ್ನೋ ಗದರಿಸಿದ ಸದ್ದು, ಮತ್ತೆ ಹಾಡು. ಒಂದು ಜಡಕ್ಕೂ ಇನ್ನೊಂದು ಜಡಕ್ಕೂ ಭೇದವುಂಟೆಂದು ನಾವು ಬಾಯಿಪಾಠ ಹೇಳುತ್ತೇವೆ. ಒಂದೇ ಅಂಗಡಿಯಲ್ಲಿ ಕೊಂಡ ಎರಡು ಕ್ಯಾಸೆಟ್ಟುಗಳನ್ನು ಎದುರಿಗಿಟ್ಟುಕೊಂಡ ಆ ದಿನ ಅದರ ಅರ್ಥ ತುಸು ಹತ್ತಿರ ಬಂದಿತು. ಯಂತ್ರವನ್ನು ಉಳಿಸಬೇಕೋ ಬಿಡಬೇಕೋ ಎಂದು ಹದಿನೈದು ದಿನ ವಾದಿಸಿದ ನಾವಿಬ್ಬರೂ ಈ ಕ್ಯಾಸೆಟ್ಟಿನ ಮಾತನ್ನೇ ಎತ್ತಿರಲಿಲ್ಲ!

ಆಮೇಲೆ ನಿರ್ಣಯವು ಕಷ್ಟವಾಗಲಿಲ್ಲ. 450 ರೂಪಾಯಿ ಕೊಟ್ಟು ಬೆಲ್ಟನ್ನು ಹಾಕಿಸಿ, ಹೆಡ್ಡನ್ನು ಒರೆಸಿ, ಗಾಲಿಯನ್ನೂ ಅವನಲ್ಲಿದ್ದ ಇನ್ನೊಂದು ಹಳೆಯ ಯಂತ್ರದಿಂದ ತೆಗೆಸಿ ಕೂಡಿಸಿದೆವು. ಮೊದಲು ಬೇರೆ ಕ್ಯಾಸೆಟ್ಟುಗಳನ್ನು ಹಾಕಿ ಪರೀಕ್ಷಿಸಿದೆವು. ಗುರುವಾರ, ಕಾರ್ಖಾನೆಗಳ ರಜೆಯ ದಿನ, ಮಗನು ಅದಕ್ಕೆ ತಂತಿಯನ್ನು ಜೋಡಿಸಿ ಕಂಪ್ಯೂಟರಿಗೆ ಇಳಿಸಿಕೊಂಡನು. ಇದರಲ್ಲಿ ಅವಸರಕ್ಕೆ ಎಡೆಯಿಲ್ಲ. ಅರವತ್ತು ನಿಮಿಷದ ಹಾಡಿಗೆ ಅರವತ್ತು ನಿಮಿಷವೇ ಬೇಕು. ಮನೆಯವರೆಲ್ಲರೂ ಕೂತು ಕೇಳಿದೆವು. ಅಟ್ಟದ ಸಾಮಾನುಗಳಲ್ಲಿ ಎರಡನ್ನು ದುರಸ್ತಿಗಾರನು ಬಿಡಿಭಾಗಗಳಿಗೆಂದು ತೆಗೆದುಕೊಂಡನು. ಉಳಿದವನ್ನು ಇ-ತ್ಯಾಜ್ಯ ಸಂಗ್ರಹಿಸುವಲ್ಲಿಗೆ ಮುಟ್ಟಿಸಿದೆವು. ಮನೆಯವಳಿಗೆ ಬೆಳಿಗ್ಗೆ ಕೇಳಲು ದೊಡ್ಡ ಗುಂಡಿಗಳ ಹೊಸ ಯಂತ್ರವೂ ಬಂದಿದೆ; ಬ್ಯಾಟರಿಯನ್ನು ಬಿಚ್ಚಿ ಬದಲಿಸಬಹುದಾದದ್ದನ್ನೇ ಹುಡುಕಿ ತಂದದ್ದು ಮಗನು. ಅದರಲ್ಲಿ ತಾಯಿಯವರ ಶೋಭಾನೆಯನ್ನೂ ಹಾಕಿದ್ದಾನೆ, ಕುಕ್ಕರಿನ ಸೀಟಿಯ ಸಹಿತ.

ಹಳೆಯ ಯಂತ್ರವನ್ನು ಕೊಡಲು ಹೊರಟಾಗ ಅವನು, "ಹಂಗಾರ ಕ್ಯಾಸೆಟ್ಟು ಯಾಕ ಇಟ್ಕೋತೀರಿ? ಹಾಡು ಬಂತಲ್ಲ" ಎಂದು ಕೇಳಿದನು. ನ್ಯಾಯವಾದ ಪ್ರಶ್ನೆ. ಉತ್ತರವು ಇನ್ನೂ ಹೊಳೆದಿಲ್ಲ. ಕ್ಯಾಸೆಟ್ಟು ಕಪಾಟಿನಲ್ಲಿದೆ.