ಮೊದಲ ಪ್ರಶ್ನೆ ಮನೆಯೊಳಗೆ

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡ ಮತ್ತು ಮೂಢನಂಬಿಕೆಗಳನ್ನು ಪರಿಶೀಲಿಸಲು ಒಂದು ಸಮಿತಿ ರಚಿಸಿದರು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು, ತಮ್ಮ ಪವಾಡಗಳನ್ನು ಸಮಿತಿಯ ಮುಂದೆ ಮಾಡಿ ತೋರಿಸಬೇಕೆಂದು ಕೇಳಿಕೊಂಡರು. ಬರಿಗೈಯಲ್ಲಿ ಉಂಗುರ, ವಿಭೂತಿ ಬರುವುದಾದರೆ ಒಂದು ಕುಂಬಳಕಾಯಿಯೂ ಬರಲಿ ಎಂಬ ಅವರ ಮಾತು ಆಗ ಮನೆಮಾತಾಯಿತು. ಅದರಲ್ಲಿ ಕುಹಕವಿರಲಿಲ್ಲ, ಪ್ರಯೋಗದ ಶಿಸ್ತು ಇತ್ತು. ಉಂಗುರವನ್ನು ತೋಳಿನ ಮರೆಯಲ್ಲಿ ಅಡಗಿಸಬಹುದು, ಕುಂಬಳಕಾಯಿಯನ್ನು ಆಗದು. ಪತ್ರಗಳಿಗೆ ಉತ್ತರ ಬರಲಿಲ್ಲ. ವಿಜ್ಞಾನ ಇಂದ್ರಿಯಗಳಿಗೆ ಸೇರಿದ್ದು, ಅಧ್ಯಾತ್ಮ ಇಂದ್ರಿಯಗಳನ್ನು ಮೀರಿದ್ದು ಎಂಬ ನಿಲುವು ಮಾತ್ರ ಬಾಬಾ ಅವರ ಕಡೆಯಿಂದ ಕೇಳಿಬಂತು.

ಈ ನಿಲುವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ದೇವರು ಇಂದ್ರಿಯಾತೀತ ಎಂದು ಯಾರಾದರೂ ಹೇಳಿದರೆ ನನ್ನ ತಕರಾರಿಲ್ಲ. ಅದನ್ನು ಪರೀಕ್ಷಿಸುವ ಸಾಧನ ನನ್ನ ಬಳಿಯೂ ಇಲ್ಲ, ಹೇಳುವವರ ಬಳಿಯೂ ಇಲ್ಲ. ಆದರೆ ಉಂಗುರ ಇಂದ್ರಿಯಾತೀತವಲ್ಲ. ಅದನ್ನು ಬೆರಳಿಗೆ ಹಾಕಿಕೊಳ್ಳಬಹುದು, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಬಹುದು. ಭಕ್ತಿ ಸಂಪಾದಿಸುವಾಗ ಜನರ ಕಣ್ಣು ಬೇಕು, ಪ್ರಶ್ನೆ ಎದ್ದಾಗ ಆ ಕಣ್ಣು ಸಾಲದು ಎಂದರೆ ಅದು ನ್ಯಾಯವಲ್ಲ. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲೇ ಇದಕ್ಕೊಂದು ಅಳತೆಗೋಲು ಕೊಟ್ಟಿದ್ದ. ಪವಾಡ ಕಂಡೆ ಎನ್ನುವವರ ಮಾತು ಸುಳ್ಳಾಗಿರುವುದು ಆ ಪವಾಡಕ್ಕಿಂತ ಹೆಚ್ಚು ಅಸಂಭವವಾಗಿದ್ದರೆ ಮಾತ್ರ ನಂಬು ಎಂದ.

ಈ ತರ್ಕ ಈಗ ಯಾರಿಗೂ ದೂರವಿಲ್ಲ. ಪಿಜಿಯ ಕೋಣೆಯಲ್ಲಿ ದೀಪ ಆರಿಸಿದ ಮೇಲೆ ಇಯರ್‌ಫೋನ್ ಹಾಕಿಕೊಂಡ ಹುಡುಗನೊಬ್ಬ ಜಗತ್ತಿನ ಎಲ್ಲ ಧರ್ಮಗಳ ಮೇಲಿನ ವಾದವನ್ನೂ ಒಂದೇ ರಾತ್ರಿ ಕೇಳಬಲ್ಲ. ಅವನ ಅಜ್ಜನಿಗೆ ಇಂಥದ್ದೊಂದು ಪುಸ್ತಕ ಸಿಗಬೇಕಾದರೆ ಊರು ಬಿಡಬೇಕಿತ್ತು. ಇದು ದೊಡ್ಡ ಬಿಡುಗಡೆ, ನನಗೆ ಇದರ ಬಗ್ಗೆ ಸಂತೋಷವೇ ಇದೆ. ನನ್ನನ್ನು ಕಾಡುವುದು ಈ ಸಂದೇಹ ಯಾವ ಕಡೆ ಮುಖ ಮಾಡಿದೆ ಎಂಬುದು. ಅನ್ಯಧರ್ಮದ ಗ್ರಂಥದಲ್ಲಿ ಹುಳುಕು ತೋರಿಸುವ ವಿಡಿಯೊ ಹಂಚುವವರು, ತಮ್ಮ ಹಿತ್ತಿಲಲ್ಲಿ ಕೆಲಸದವಳಿಗೆಂದು ಬೇರೆ ಇಟ್ಟಿರುವ ಲೋಟದ ಬಗ್ಗೆ ತಾಯಿಯನ್ನು ಕೇಳಿರುವುದಿಲ್ಲ. ಜಾತಕ ಸುಳ್ಳು ಎಂದು ವಾದಿಸಿ ಗೆದ್ದವನು ಜಾತಿಯೊಳಗೇ ಹೆಣ್ಣು ನೋಡಲು ಹೊರಡುತ್ತಾನೆ. ದೇವರಿದ್ದಾನೋ ಇಲ್ಲವೋ ಎಂಬುದು ಹಾಗೆ ನೋಡಿದರೆ ಸುಲಭದ ಪ್ರಶ್ನೆ. ನನ್ನ ಮನೆಯಲ್ಲಿ ಯಾವುದನ್ನು ಕೇಳುವಂತಿಲ್ಲ, ಕೇಳದಿರುವುದರಿಂದ ನನಗೆಷ್ಟು ಲಾಭ ಎಂಬುದು ಕಷ್ಟದ್ದು. ಅಲ್ಲಿಗೆ ತಲುಪದ ಸಂದೇಹವನ್ನು ಸಂದೇಹವೆಂದು ಒಪ್ಪಲು ನನಗೆ ಮನಸ್ಸು ಬರುವುದಿಲ್ಲ.

ಮನೆಯೊಳಗಿನ ನಂಬಿಕೆ ಬರೀ ತಪ್ಪು ತಿಳಿವಳಿಕೆಯೂ ಅಲ್ಲ. ತಿಥಿಯ ದಿನವನ್ನೇ ನೋಡಿ. ಬಾಳೆಲೆಯ ಮೇಲೆ ಪಿಂಡ ಇಟ್ಟು ಎಲ್ಲರೂ ಹಿಂದೆ ಸರಿದು ನಿಂತಿದ್ದಾರೆ. ಕಾಗೆ ಮುಟ್ಟಬೇಕು, ಆಮೇಲೆ ಊಟ. ತೆಂಗಿನ ಗರಿಯ ಮೇಲೆ ಕೂತ ಕಾಗೆ ಇಳಿಯುತ್ತಿಲ್ಲ. ‘ಏನೋ ಮನಸ್ಸಲ್ಲಿ ಉಳಕೊಂಡಿದೆ’ ಎಂದು ಹಿರಿಯರೊಬ್ಬರು ಮಗನ ಕಡೆ ನೋಡುತ್ತಾರೆ. ಅವನು ಕೈಮುಗಿದು, ‘ತಂಗೀನ ನಾನು ನೋಡ್ಕೋತೀನಪ್ಪಾ, ಅವಳ ಓದು ನಿಲ್ಸಲ್ಲ’ ಎನ್ನುತ್ತಾನೆ. ಸ್ವಲ್ಪ ಹೊತ್ತಿಗೆ ಕಾಗೆ ಇಳಿಯುತ್ತದೆ. ಹಸಿದ ಹಕ್ಕಿ, ಜನ ದೂರ ಸರಿದಾಗ ಇಳಿಯಿತು. ಇದರಲ್ಲಿ ಸತ್ತವರ ಪಾತ್ರವಿಲ್ಲ. ಆದರೆ ನೆಂಟರೆಲ್ಲರ ಮುಂದೆ ಅವನು ಕೊಟ್ಟ ಮಾತು ನಿಜ. ತಂಗಿ ನಾಳೆ ಅದನ್ನು ನೆನಪಿಸಬಹುದು. ಕಾಗೆಯ ಬಗ್ಗೆ ನಾವು ಹೇಳುವುದು ಸರಿಯೇ ಇದ್ದರೂ, ಇಂಥ ಮಾತು ಕೊಡಲು ಬೇರೆ ಯಾವ ಜಾಗ ಇದೆ ಎಂಬ ಪ್ರಶ್ನೆಗೆ ನಾಸ್ತಿಕರು ಉತ್ತರ ಕೊಡಲೇಬೇಕು. ನನಗೆ ಪೂರ್ತಿ ಉತ್ತರ ಹೊಳೆದಿಲ್ಲ.

ಹಾಗೆಂದು, ಸಮಾಧಾನ ಕೊಡುತ್ತದಲ್ಲ, ಬಿಟ್ಟುಬಿಡಿ ಎನ್ನುವ ಮಾತಿಗೂ ನಾನು ಒಪ್ಪಲಾರೆ. ಕುಕ್ಕೆಯಲ್ಲಿ ಬ್ರಾಹ್ಮಣರು ಉಂಡೆದ್ದ ಎಂಜಲೆಲೆಗಳ ಮೇಲೆ ಉರುಳುವ ಮಡೆಸ್ನಾನವನ್ನು ಸಮರ್ಥಿಸುವವರೂ ಇದನ್ನೇ ಹೇಳಿದರು: ಹರಕೆ ಹೊತ್ತವರು ತಾವಾಗಿ ಉರುಳುತ್ತಾರೆ, ಚರ್ಮರೋಗ ವಾಸಿಯಾಯಿತೆಂದು ನೆಮ್ಮದಿ ಪಡುತ್ತಾರೆ. 2017ರ ಕರ್ನಾಟಕದ ಕಾಯ್ದೆ ಎಂಜಲೆಲೆಯ ಮೇಲೆ ಉರುಳಿಸುವುದನ್ನು ಅಪರಾಧವೆಂದಿತು. ತಿಥಿಯ ಪಿಂಡ, ಮಡೆಸ್ನಾನ ಎರಡನ್ನೂ ಒಂದೇ ನಂಬಿಕೆಯ ಖಾತೆಗೆ ಹಾಕದಿರಲು ನಾನು ಕೇಳುವುದು ಇಷ್ಟು: ಇಲ್ಲಿ ಬೇಡ ಎನ್ನುವ ಹಕ್ಕು ಯಾರಿಗಿದೆ? ಬೇಡ ಎಂದವರ ಗತಿ ಏನು? ಈ ಪ್ರಶ್ನೆ ಹಿಡಿದು ತಿಥಿಯ ಮನೆಗೇ ಮರಳಿದರೆ ಅಲ್ಲೂ ಕಾಣುವುದುಂಟು. ಕುಂಕುಮ ಅಳಿಸಿಕೊಂಡ ತಾಯಿ ಒಳಕೋಣೆಯಲ್ಲಿ ಯಾಕೆ ಕೂತಿದ್ದಾಳೆ? ಪಿಂಡ ಇಡಲು ಮಗಳ ಕೈ ಯಾಕೆ ಆಗದು? ಅಂಬೇಡ್ಕರ್ 1956ರಲ್ಲಿ ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದಾಗ ಹಿಂದೂ ದೇವರುಗಳನ್ನು ಪೂಜಿಸುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ದೇವರ ಹೆಸರಿನಲ್ಲಿ ಬಾವಿಯ ನೀರನ್ನೂ ಗುಡಿಯ ಬಾಗಿಲನ್ನೂ ಮುಟ್ಟಗೊಡದಿದ್ದ ಬದುಕು ಆ ಪ್ರತಿಜ್ಞೆಯ ಹಿಂದಿತ್ತು.

ಮನೆಯೊಳಗೆ ಕೇಳುವುದಕ್ಕೆ ಎಷ್ಟು ಬೆಲೆ ಎಂಬುದನ್ನು ನಮ್ಮ ಕಾಲದಲ್ಲಿ ತೋರಿಸಿದವರು ಎಂ.ಎಂ. ಕಲಬುರ್ಗಿ. ಅವರು ಹೊರಗಿನಿಂದ ಬಂದ ಟೀಕಾಕಾರರಾಗಿರಲಿಲ್ಲ. ತಾವು ಹುಟ್ಟಿದ ಲಿಂಗಾಯತ ಪರಂಪರೆಯನ್ನೇ ಶಾಸನ, ಹಸ್ತಪ್ರತಿಗಳ ಆಧಾರದಿಂದ ಪ್ರಶ್ನಿಸಿದ ಸಂಶೋಧಕರು. ತಮ್ಮ ಲೇಖನ ಸಂಗ್ರಹ ‘ಮಾರ್ಗ’ದಲ್ಲಿನ ಬರಹಕ್ಕಾಗಿ 1989ರಲ್ಲಿ ಒತ್ತಡಕ್ಕೆ ಮಣಿದು ಮಾತನ್ನು ಹಿಂದಕ್ಕೆ ಪಡೆಯಬೇಕಾಯಿತು. ಆ ನೋವು ಅವರನ್ನು ಬಿಡಲಿಲ್ಲ, ಅವರು ಸಂಶೋಧನೆಯನ್ನೂ ಬಿಡಲಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಅವರು ದೇವರಿಲ್ಲವೆಂದು ಸಾರುತ್ತ ಹೊರಟವರಲ್ಲ ಎಂಬುದನ್ನು ಮರೆಯಬಾರದು. ಅವರ ಪ್ರಶ್ನೆ ತಮ್ಮವರ ಬಳಿಗೆ ಹೋಗಿತ್ತು.

ಎ.ಎನ್. ಮೂರ್ತಿರಾಯರ ‘ದೇವರು’ ಪುಸ್ತಕ 1991ರಲ್ಲಿ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಸರ್ವಶಕ್ತನೂ ದಯಾಮಯನೂ ಆದ ದೇವರನ್ನು ಲೋಕದ ದುಃಖದ ಎದುರು ಒಪ್ಪುವುದು ಹೇಗೆಂದು ಅವರು ಕೇಳಿದರು, ಭಕ್ತರನ್ನು ಹಂಗಿಸಲಿಲ್ಲ. ಆ ಧಾಟಿ ಬರೀ ಸಜ್ಜನಿಕೆಯಿಂದ ಬಂದದ್ದಲ್ಲ ಎನಿಸುತ್ತದೆ. ಎದುರಿಗಿರುವವರು ನಮ್ಮ ಚಿಕ್ಕಮ್ಮ, ನಮ್ಮ ಮೇಷ್ಟರು ಎಂದು ಗೊತ್ತಿದ್ದಾಗ ತರ್ಕ ಹರಿತವಾಗಿಯೇ ಇದ್ದು ಮಾತು ಮೆದುವಾಗುತ್ತದೆ. ಮುಖ ಕಾಣದ ಕಡೆ ಇದು ಕಷ್ಟ. ನರಸಿಂಹಯ್ಯನವರು 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದರು. ಉಪನ್ಯಾಸ ಕೇಳಲು ಯಾರು ಬೇಕಾದರೂ ಬಂದು ಕೂರಬಹುದಾದ ಅಂಥ ಕೋಣೆಗಳು ಊರೂರಿಗೆ ಬೇಕಾಗಿವೆ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯವೆಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. ಗ್ರಹಣದ ಚಿತ್ರ ಬಿಡಿಸಿ ಪಾಠ ಮಾಡಿದ ಮೇಷ್ಟರನ್ನು, ಅವತ್ತು ನಿಮ್ಮ ಮನೆಯಲ್ಲಿ ಅಡುಗೆ ಯಾಕೆ ಮಾಡಲಿಲ್ಲ ಸಾರ್ ಎಂದು ಎಂಟನೆಯ ತರಗತಿಯ ಹುಡುಗಿ ಕೇಳಿದರೆ, ಅವರು ಗದರಿಸದೆ ಉತ್ತರ ಹುಡುಕಬೇಕು. ಅದೇ ಹುಡುಗಿ ಸಂಜೆ ತನ್ನ ಅಪ್ಪನನ್ನೂ ಕೇಳುವಂತಾಗಬೇಕು.